ಅಳಿಸಿಹಾಕಿದ ಅರಸೀಕೆರೆ

ಪಿಎಚ್.ಡಿ.ಗೆ ಅರ್ಜಿ ಹಾಕುವ ಮೊದಲೇ ಪ್ರೊಫೆಸರರಿಗೆ ಇಮೇಲ್ ಬರೆದು, ನನ್ನನ್ನು ಸೇರಿಸಿಕೊಳ್ಳುತ್ತೀರಾ ಎಂದು ಕೇಳಬೇಕಂತೆ. ಅರಸೀಕೆರೆಯಿಂದ ಬಂದು ದೆಹಲಿಯಲ್ಲಿ ಇತಿಹಾಸದ ಎಂ.ಎ. ಮುಗಿಸಿದ ಶೈಲಜಾ, ಮುನಿರ್ಕಾದ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಬರೆದದ್ದೇ ಬರೆದದ್ದು. ಒಬ್ಬರಾದರೂ ಉತ್ತರಿಸಬೇಕಲ್ಲ! ಜೊತೆಗಿದ್ದ ಗೆಳತಿಯರು ಕೆಲಸ, ಮದುವೆ ಅಂತ ಚದುರಿಹೋಗಿದ್ದರು. ಮನೆಗೆ ಫೋನ್ ಮಾಡಿದರೆ "ಸೀಟು ಏನಾಯ್ತು? ಈ ಸಲ ಆಗದಿದ್ರೆ ಬಂದ್ಬಿಡು" ಅನ್ನುವುದೊಂದೇ ಮಾತು, ಫೋನ್ ಮಾಡುವುದನ್ನೇ ಕಡಿಮೆ ಮಾಡಿದಳು. ಎಷ್ಟೋ ದಿನ ಅವಳು ಬಾಯಿ ಬಿಡುತ್ತಿದ್ದದ್ದು ಕೆಳಗಿನ ಅಂಗಡಿಯಲ್ಲಿ ಹಾಲು ಕೇಳುವಾಗ ಮಾತ್ರ. ಒಂಟಿತನ ಅಂದರೆ ಇದೇ ಕಣ್ರೀ, ಅದಕ್ಕೆ ಬೇರೆ ಹೆಸರೇನೂ ಬೇಡ.

ಕೊನೆಗೆ ಉಳಿದವರು ವಸಂತ್ ಕುಂಜ್‌ನ ಪ್ರೊಫೆಸರ್ ವೈಜಯಂತಿ. ಮೈಸೂರು ಕಡೆಯವರು, ಹಳೆಯ ಗ್ರಂಥಾಲಯಗಳ ಇತಿಹಾಸ ಬರೆಯುವವರು. ಶೈಲಜಾಳ ಮನಸ್ಸಿನಲ್ಲಿದ್ದ ವಿಷಯವೂ ಅಂಥದ್ದೇ: ಅಪ್ಪ ದಿನಾ ಸಂಜೆ ಪೇಪರು ಓದಲು ಹೋಗುತ್ತಿದ್ದ ಅರಸೀಕೆರೆಯ ವಾಚನಾಲಯ. ಇವರೂ ಕೈಬಿಟ್ಟರೆ ಗಂಟುಮೂಟೆ ಕಟ್ಟುವುದೇ ಸೈ. ಕೂತು, ತನ್ನ ಊರು, ಭಾಷೆ ಎಲ್ಲ ಹೇಳಿ, ಚೆನ್ನಾಗಿ ಬರೆದಳು.

ಅಷ್ಟರಲ್ಲಿ ಹುಡುಗಿಗೆ ಸ್ವಾಭಿಮಾನ ಕೆರಳಬೇಕೇ! ಹಿಂದೆ ಇದೇ ದೆಹಲಿಯ ಆರ್.ಕೆ.ಪುರಂನಲ್ಲಿ ಅವಳ ಚಿಕ್ಕಪ್ಪ ಅಧಿಕಾರಿಯಾಗಿದ್ದಾಗ, "ನಾವೂ ಕನ್ನಡದವರೇ ಸಾರ್" ಎಂದು ಹಲ್ಲುಗಿಂಜುತ್ತ, ವರ್ಗಾವಣೆಗೆ ದುಂಬಾಲು ಬೀಳುತ್ತಿದ್ದವರನ್ನು ಬೇಕಾದಷ್ಟು ಕಂಡಿದ್ದಳು. ಛೆ, ತಾನೂ ಆ ಸಾಲಿಗೆ ಸೇರುವುದೇ? ಊರು ಅಳಿಸಿದಳು. ಭಾಷೆ ಅಳಿಸಿದಳು. ಓದಿದ ಶಾಲೆ, ಕಾಲೇಜು ಎಲ್ಲ ತೆಗೆದಳು. ಅಪ್ಪನ ವಾಚನಾಲಯವನ್ನೂ ಕಿತ್ತುಹಾಕಿ, ಆ ಜಾಗದಲ್ಲಿ ಹಳೆ ದೆಹಲಿಯ ಯಾವುದೋ ಗ್ರಂಥಾಲಯವನ್ನು ಕೂರಿಸಿ ಕಳಿಸಿದಳು. ಬುದ್ಧಿವಂತಿಕೆ ಅತಿಯಾದರೆ ಹೀಗೇ ಆಗುವುದು.

ಚಳಿ ಶುರುವಾಗುವ ಹೊತ್ತಿಗೆ ಉತ್ತರ ಬಂತು, ಇಂಗ್ಲಿಷಿನಲ್ಲಿ. ಬರಹ ಅಚ್ಚುಕಟ್ಟಾಗಿದೆ. ಆದರೆ ಈ ವರ್ಷ ಇದ್ದದ್ದು ಒಂದೇ ಜಾಗ. ಕರ್ನಾಟಕದ ಹಳೆಯ ವಾಚನಾಲಯಗಳ ಮೇಲೆ ಕೆಲಸ ಮಾಡಲು ಕನ್ನಡ ಬಲ್ಲವರಿಗಾಗಿ ಬಹಳ ಕಾದೆ, ಯಾರೂ ಸಿಗಲಿಲ್ಲ. ಕೊನೆಗೆ ಬೇರೊಬ್ಬರಿಗೆ ಒಪ್ಪಿಗೆ ಕೊಟ್ಟೆ, ಕ್ಷಮಿಸಿ ಎಂದಿತ್ತು.

ಕೆಳಗೆ ಫೋನ್ ನಂಬರಿತ್ತು. ಹಿಂದೆಮುಂದೆ ನೋಡದೆ ಒತ್ತಿದಳು.

"ಮೇಡಂ, ನಾನು ಶೈಲಜಾ, ನಿಮಗೆ ಮೇಲ್ ಮಾಡಿದ್ದೆ. ನಂಗೆ ಕನ್ನಡ ಬರುತ್ತೆ ಮೇಡಂ. ನಮ್ಮೂರು ಅರಸೀಕೆರೆ."



"ಅಯ್ಯೋ, ಮೊದಲೇ ಹೇಳ್ಬಾರ್ದಿತ್ತೇನಮ್ಮಾ?"

"ಶಿಫಾರಸು ಕೇಳಿದ ಹಾಗಾಗುತ್ತೆ ಅಂದ್ಕೊಂಡೆ."

"ಎಂಥ ಹುಡುಗಿಯಮ್ಮಾ ನೀನು! ಒಪ್ಕೊಂಡಿದ್ದೀನಿ, ಈಗ ಅವರಿಗೆ ಇಲ್ಲ ಅನ್ನೋಕಾಗಲ್ಲ."

"ಗೊತ್ತು ಮೇಡಂ. ಪರವಾಗಿಲ್ಲ." ಧ್ವನಿ ಗಟ್ಟಿಯಾಗಿಯೇ ಇತ್ತು.

 ನಮ್ಮ ಕಡೆಯವರು ಮಾತು ಸಿಗದಾಗ ಕೇಳುವುದನ್ನೇ ವೈಜಯಂತಿಯವರೂ ಕೇಳಿದರು.

"ಊಟ ಆಯ್ತಾ?"

ದೆಹಲಿಗೆ ಬಂದಮೇಲೆ ಯಾರ ಮುಂದೆಯೂ ಅಳದವಳು, ಫೋನ್ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು.

"ಇನ್ನೂ ಇಲ್ಲ ಮೇಡಂ," ಅಂದಳು.