ಬೀಜದಜ್ಜಿಯ ಟವೆಲ್

ಬೀದಿಯವರೆಲ್ಲ ಅವಳನ್ನು ಬೀಜದಜ್ಜಿ ಎನ್ನುತ್ತಿದ್ದರು. ಹಿತ್ತಲಿನ ಕಲ್ಲುನೆಲದಲ್ಲಿ ಅವಳ ಸೀತಾಫಲದ ಗಿಡಗಳಿದ್ದವು. ನೀರು ಕೇಳಿದವಲ್ಲ, ಗೊಬ್ಬರ ಕಂಡವಲ್ಲ. ಸಿಕ್ಕಿದ್ದನ್ನೆಲ್ಲ ಮೇಯುವ ಆಡು ಕೂಡ ಆ ಎಲೆಗೆ ಮೂತಿ ತಿರುವಿ ಹೋಗುತ್ತಿತ್ತು. ಅಜ್ಜಿ ಹಣ್ಣು ಮಾರಿ ಮಗನನ್ನು ಸಾಕಿದಳು. ಉಗಿದ ಬೀಜ ಒಣಗಿಸಿ, ಕುಟ್ಟಿ ಪುಡಿಮಾಡಿ ಬೀದಿಯ ಮಕ್ಕಳ ತಲೆಯ ಹೇನನ್ನೆಲ್ಲ ಕೊಂದಳು.

ಆ ಪುಡಿ ಬರೀ ಹೇನಿಗೆ ಯಮನಲ್ಲ. ಚಿಕ್ಕಂದಿನಲ್ಲಿ ಬೀಜ ಕುಟ್ಟಿದ ಕೈಯಲ್ಲೇ ಉಜ್ಜಿಕೊಂಡು ಎಡಗಣ್ಣು ಕಳೆದುಕೊಂಡವಳು ಅಜ್ಜಿ. ಅಲ್ಲಿ ಈಗ ಬಿಳಿ ಪೊರೆ. ಹಾಗಾಗಿ ಅವಳ ಎಚ್ಚರವೆಂದರೆ ಎಚ್ಚರ: ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಬೇಕು, ತಲೆ ಹಿಂದಕ್ಕೆ ಬಾಗಿಸಿಯೇ ತೊಳೆಯಬೇಕು, ಆಮೇಲೆ ಕೈಯನ್ನು ಸೋಪು ಹಾಕಿ ತಿಕ್ಕಬೇಕು.

ಮೊಮ್ಮಗಳ ತಲೆಯಲ್ಲಿ ಹೇನು ಕಂಡಾಗ ಸೊಸೆ ಅಡ್ಡ ನಿಂತಳು.

"ಬೇಡ ಅತ್ತೆ. ನಿಮ್ಮ ಕಣ್ಣು ನೋಡಿದಾಗೆಲ್ಲ ನಂಗೆ ಎದೆ ಝಲ್ಲನ್ನುತ್ತೆ. ಅಂಗಡಿಯಿಂದ ಔಷಧಿ ತರ್ತೀನಿ."

"ಅಯ್ಯೋ, ನಿನ್ನ ಗಂಡನ ತಲೆ ಕ್ಲೀನ್ ಮಾಡಿದ್ದು ಯಾರು, ಆ ಅಂಗಡಿಯವನಾ? ಸುಮ್ನೆ ನೀರು ಕಾಯಿಸಮ್ಮ!"

ಅಜ್ಜಿಯ ಬಾಯಿಗೆ ಎದುರು ಹೇಳುವವರುಂಟೇ? ಸೊಸೆ ಒಲೆ ಹಚ್ಚಿದಳು. ಅಜ್ಜಿ ಮೂಗು ಬಾಯಿಗೆ ಟವೆಲ್ ಸುತ್ತಿಕೊಂಡು ಬೀಜ ಕುಟ್ಟಿದಳು. ಎಲೆ ಅಲ್ಲಾಡದ ಮಧ್ಯಾಹ್ನ. ಎದ್ದ ಪುಡಿ ಎಲ್ಲಿಗೂ ಹೋಗದೆ ಅವಳ ಮೇಲೇ ಕೂತಿತು. ಮುಗಿದ ಮೇಲೆ ಕೈ ತೊಳೆದು, ಟವೆಲನ್ನು ಬಚ್ಚಲಿನ ಮೊಳೆಗೆ ನೇತುಹಾಕಿದಳು.

ಪುಡಿ ಕಲಸಿ ಹಚ್ಚಿದ್ದೂ ಆಯಿತು, ತೊಳೆದದ್ದೂ ಆಯಿತು. ಒಂದು ತೊಟ್ಟೂ ಹುಡುಗಿಯ ಮುಖಕ್ಕೆ ಇಳಿಯಲಿಲ್ಲ. ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ ಸೊಸೆಗೆ ಅಜ್ಜಿ, "ನೋಡ್ದೇನೇ? ಇಷ್ಟಕ್ಕೆ ಅಷ್ಟು ರಾದ್ಧಾಂತ!" ಎಂದಳು. ಸೊಸೆಯೂ ನಕ್ಕುಬಿಟ್ಟಳು. ಅಜ್ಜಿ ಸೋಪು ಹಾಕಿ ಕೈ ತಿಕ್ಕಿಕೊಂಡಳು, ಕಣ್ಣಿನ ಬಟ್ಟೆ ಬಿಚ್ಚಿದಳು, ಮೊಳೆಯಿಂದ ಟವೆಲ್ ಎಳೆದು ಮೊಮ್ಮಗಳ ಮುಖ ಒರೆಸಿದಳು. ಮುದ್ದಿನಿಂದ, ಕಣ್ಣಿನ ಮೂಲೆಗಳನ್ನೂ ಬಿಡದೆ ಒರೆಸಿದಳು.

"ಅಜ್ಜೀ, ಉರೀತಿದೆ."

"ಸೋಪು ಕಣೇ ಬಂಗಾರ..." ಎನ್ನುತ್ತ ಕೈಯಲ್ಲಿದ್ದ ಟವೆಲ್ ನೋಡಿದಳು. ಅದರ ಮಡಿಕೆಯಲ್ಲಿ ಬೀಜದ ಪುಡಿ ಇತ್ತು. ಟವೆಲ್ ಬಿಸಾಡಿದಳು. ಬಿಂದಿಗೆ ಎಳೆದುಕೊಂಡು ಮಗುವಿನ ಮುಖಕ್ಕೆ ನೀರು ಸುರಿದಳು, ಸುರಿಯುತ್ತಲೇ ಇದ್ದಳು. ಸೊಸೆ ಆಸ್ಪತ್ರೆಗೆ ಗಾಡಿ ಹುಡುಕಲು ಕಿರುಚುತ್ತ ಬೀದಿಗೆ ಓಡಿದಳು.

"ಯಾವ ಕಣ್ಣು, ಮಗಾ? ಹೇಳೇ, ಯಾವ ಕಣ್ಣು?"

ಹುಡುಗಿ ರೆಪ್ಪೆ ಬಿಚ್ಚಲಿಲ್ಲ.

"ಎರಡೂ, ಅಜ್ಜೀ."