ಎರಡು ಕೈಯ ಚಿತ್ತಾರ, ಒಂದೇ ಹೆಸರು

ಗುಡವಿಯ ಕೆರೆಯಿಂದ ಕೊಕ್ಕರೆಗಳು ಮೇವಿಗೆ ಹೊರಡುವ ಹೊತ್ತು. ಪಕ್ಕದ ಊರಿನ ಮದುವೆ ಮನೆಯಲ್ಲಿ ತಿಮ್ಮಮ್ಮ ಆಗಲೇ ಗೋಡೆಯ ಮುಂದೆ ಕೂತಿದ್ದಾರೆ. ಕೆಮ್ಮಣ್ಣು ಸಾರಿಸಿದ ಗೋಡೆ ಇನ್ನೂ ತುಸು ಹಸಿ. ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳಿಯಲ್ಲಿ ಅದ್ದಿ, ಉಸಿರು ಹಿಡಿದು, ಬಲತುದಿಯಿಂದ ಹಸೆ ಚಿತ್ತಾರದ ಮೊದಲ ಎಳೆ ಎಳೆಯುತ್ತಾರೆ. ಎಡತುದಿ ಖಾಲಿ ಇದೆ.

ಆ ತುದಿ ವಾರಗಿತ್ತಿ ಕೆರಿಯಮ್ಮನದು. ಸೊರಬ ಸೀಮೆಯ ಮದುವೆ ಮನೆಗಳಲ್ಲಿ ಮೂವತ್ತು ವರ್ಷ ಇಬ್ಬರೂ ಎರಡು ತುದಿಯಿಂದ ಬರೆಯುತ್ತ ಬಂದು ನಡುವೆ ಕೂಡುತ್ತಿದ್ದರು. ಕೆರಿಯಮ್ಮನ ಎಳೆ ದಪ್ಪ, ತಿಮ್ಮಮ್ಮನದು ಸಣ್ಣ. ಎಷ್ಟೇ ಜಾಗ್ರತೆ ವಹಿಸಿದರೂ ಕೂಡುವಲ್ಲಿ ಭತ್ತದ ಕಾಳಿನಷ್ಟು ಹೆಚ್ಚುಕಡಿಮೆ ಆಗುತ್ತಿತ್ತು.

"ಎಲ್ಲಿ ನೋಡಿದ್ರೂ ನಮ್ದು ಅಂತ ಗೊತ್ತಾಗ್ತಿತ್ತು. ‘ನಿನ್ ಎಳೆ ಉಪವಾಸ ಬಿದ್ದಂಗೆ ಅದೆ, ಒಂಚೂರು ಗಂಜಿ ಕುಡ್ಸೆ’ ಅಂತಿದ್ಲು ಕೆರಕ್ಕ" ಎಂದು ತಿಮ್ಮಮ್ಮ ನಗುತ್ತಾರೆ.

ಇಬ್ಬರೂ ಹಾಗೆಯೇ ಎರಡು ತುದಿಯಿಂದ ಹಲಗೆಗಳ ಮೇಲೆ ಬರೆದು ಮಾರುತ್ತಿದ್ದ ಚಿತ್ತಾರಗಳ ಫೋಟೊಗಳನ್ನು ತಿಮ್ಮಮ್ಮನ ಸೊಸೆ ರಮ್ಯ ಎರಡು ವರ್ಷದ ಹಿಂದೆ ಮೊಬೈಲ್‌ನಲ್ಲಿ ಹಂಚತೊಡಗಿದರು. ಕಂಪ್ಯೂಟರ್ ಚಿತ್ರ ಕದಿಯುತ್ತದೆ, ಹೆಸರಿದ್ದರೆ ಕಾನೂನು ಕಾಯುತ್ತದೆ ಎಂದು ಯಾರೋ ಹೇಳಿದರಂತೆ. ಹಸೆಗೆ ಹೆಸರು ಹಾಕುವ ವಾಡಿಕೆಯೇ ಇಲ್ಲ. ಆದರೂ ರಮ್ಯ ಹಲಗೆಯ ಮೂಲೆಯಲ್ಲಿ ಅತ್ತೆಯ ಹೆಸರು ಬರೆಸಿದರು.

"ಇಬ್ರದ್ದೂ ಹಾಕ್ಬೇಕಿತ್ತು. ಜಾಗ ಸಣ್ದು, ಒಂದೇ ಸಾಕು ಅಂದ್ಲು. ನಾನೂ ಹೂಂ ಅಂದೆ" ಎನ್ನುತ್ತಾರೆ ತಿಮ್ಮಮ್ಮ.

ಮರುದಿನ ಬಂದ ಕೆರಿಯಮ್ಮ ಅಕ್ಷರ ಕೂಡಿಸಿ ಓದಿದರು. "ಓಹೋ, ಹಂಗಾರೆ ನಾನು ಕೂಲಿಯವ್ಳಾ?" ಎಂದು ನಕ್ಕು, ಕುಂಚ ತೊಳೆದಿಟ್ಟು ಹೋದರು. ಮತ್ತೆ ಬರೆಯಲು ಬರಲಿಲ್ಲ.

ಕಳೆದ ಬೇಸಿಗೆಯಲ್ಲಿ ತಿಮ್ಮಮ್ಮ ಶಿಕಾರಿಪುರದ ಕಲ್ಯಾಣ ಮಂಟಪಕ್ಕೆ ಮದುವೆಗೆ ಹೋಗಿದ್ದರು. ವೇದಿಕೆಯ ಹಿಂದಿನ ಫ್ಲೆಕ್ಸ್ ನೋಡಿ ಹಾಗೇ ನಿಂತರು. ನವಿಲು, ತಾವರೆ, ಬಣ್ಣ ಎಲ್ಲ ಹೊಸದು. ನಡುವೆ ಮಾತ್ರ ಅದೇ ದಪ್ಪ ಎಳೆ, ಅದೇ ಸಣ್ಣ ಎಳೆ, ಅದೇ ಭತ್ತದ ಕಾಳಿನಷ್ಟು ತಪ್ಪು. ಮೂಲೆಯ ಹೆಸರು ಇರಲಿಲ್ಲ.

ಮಂಟಪದ ಅಲಂಕಾರ ವಹಿಸಿಕೊಂಡಿದ್ದ ಚನ್ನೇಶ್ ಏನನ್ನೂ ಮುಚ್ಚಿಡಲಿಲ್ಲ. "ವಾಟ್ಸಾಪ್‌ನಾಗ ಒಂದು ಫೋಟೊ ಬಂದಿತ್ತು ಅಮ್ಮಾರೆ. ಎಐಗೆ ಕೊಟ್ಟೆ, ನಿಮಿಷದಾಗ ಹತ್ತು ತರ ಮಾಡಿ ಕೊಡ್ತು. ನಿಮ್ದು ಅಂತ ನನಗೇನ್ ಗೊತ್ರೀ?"

ದೂರು ಕೊಡಬಹುದು ಎಂದರು ಅಲ್ಲಿಯ ವಕೀಲ ಈಶ್ವರ್. ಹಸೆಯ ಶೈಲಿ ಯಾರೊಬ್ಬರ ಸ್ವತ್ತೂ ಅಲ್ಲ; ಬರೆದ ಒಂದು ಚಿತ್ರಕ್ಕೆ ಮಾತ್ರ ಹಕ್ಕುಂಟು. ಫ್ಲೆಕ್ಸ್ ಆ ಚಿತ್ರದ್ದೇ ನಕಲು ಎನ್ನಲು ಇರುವ ಗಟ್ಟಿ ಗುರುತು ನಡುವಿನ ತಪ್ಪು. ಬರೆದವರು ಇಬ್ಬರು ಎನ್ನುವುದಕ್ಕೂ ಅದೇ ಸಾಕ್ಷಿ.

"ಕಾಯ್ದೆ ಇನ್ನೂ ಬಿಗಿ ಆಗ್ಲಿ ಅಂತಾರೆ. ಆಗ್ಲಿ. ಆದ್ರೆ ಅದು ಮೊದ್ಲು ಕೇಳೋದು, ಬರ್ದಿದ್ದು ಯಾರು ಅಂತ. ಇಬ್ರೂ ಬಂದು ಸಹಿ ಹಾಕ್ರೀ" ಎಂದರು.

ತಿಮ್ಮಮ್ಮ ವಾರಗಿತ್ತಿಯ ಮನೆಗೆ ಹೋದರು. ಕೆರಿಯಮ್ಮ ಮಜ್ಜಿಗೆ ಕೊಟ್ಟರು, ಮಕ್ಕಳ ಸುದ್ದಿ ಕೇಳಿದರು. ಸಹಿಯ ಮಾತು ಬಂದಾಗ, "ಹೆಸ್ರಿದ್ದೋರು ಹೋಗ್ಲಿ ಬಿಡೆ" ಎಂದರು. ದೂರು ಅಲ್ಲಿಗೇ ನಿಂತಿತು.

ಬಿಗಿಯಾದ ಕಾಯ್ದೆ ಚನ್ನೇಶ್‌ನಂಥವರನ್ನು ತಡೆದೀತು. ಅದು ಬೇಕು ಕೂಡ. ಫ್ಲೆಕ್ಸ್‌ಗಳ ನಡುವೆ ಈ ವರ್ಷ ತಿಮ್ಮಮ್ಮನನ್ನು ಹಸೆ ಬರೆಯಲು ಕರೆದದ್ದು ಮೂರೇ ಮನೆಯವರು. ಆದರೆ ಒಬ್ಬರದ್ದಾಗಿ ಹೋದ ಹಸೆಯನ್ನು ಮತ್ತೆ ಇಬ್ಬರದ್ದಾಗಿಸುವ ಕಲಂ ಯಾವ ಕಾಯ್ದೆಯಲ್ಲಿ ಸಿಕ್ಕೀತೋ ನನಗೆ ತಿಳಿಯದು.

ಬಿಸಿಲೇರುವಷ್ಟರಲ್ಲಿ ತಿಮ್ಮಮ್ಮ ಎಡತುದಿಯನ್ನೂ ತಾವೇ ಬರೆದು ಮುಗಿಸುತ್ತಾರೆ. ನಡುವೆ ಎಳೆಗಳು ಕೂದಲಷ್ಟೂ ತಪ್ಪಿಲ್ಲ. ಚೆನ್ನಾಗಿ ಬಂದಿದೆ ಎನ್ನುತ್ತೇನೆ. ಅವರು ಕುಂಚ ತೊಳೆಯುತ್ತ ಗೋಡೆ ನೋಡುತ್ತಾರೆ.

"ಏನ್ ಚೆನ್ನಾಗಿ ಬಂತು ಬಿಡ್ರಿ. ಆ ಫ್ಲೆಕ್ಸಲ್ಲಾದ್ರೂ ಕೆರಕ್ಕ ಇದಾಳೆ. ನನ್ ಗೋಡೇಲಿ ಇಲ್ಲ."