ಸೋದರತ್ತೆಯ ಬೆನ್ನು

ನಮ್ಮ ಜನ ನಾಲ್ಕು ಮಂದಿ ಸೇರಿದರೆ ಸಾಕು, ಯಾರಾದರೊಬ್ಬರು ಕಾರ್ಪೆಟ್ಟಿನ ಮೇಲೆ ಬೋರಲು ಮಲಗಿ, ಸ್ವಲ್ಪ ಬೆನ್ನು ನೋಡಮ್ಮ ಎನ್ನುತ್ತಿದ್ದರು. ಈಸ್ಟ್ ಹ್ಯಾಮ್‌ಗೆ ಯುಗಾದಿ ಊಟಕ್ಕೆ ಹೋದರೂ ಇದೇ, ಯಾರದೋ ಮಗುವಿನ ಹುಟ್ಟುಹಬ್ಬಕ್ಕೆ ಹೋದರೂ ಇದೇ. ನಾನು ಕೈರೋಪ್ರಾಕ್ಟರ್. ಬೆನ್ನು, ಕುತ್ತಿಗೆಯ ಕೀಲುಗಳನ್ನು ಕೈಯಿಂದಲೇ ಸಡಿಲಿಸುವುದು ನನ್ನ ಕಸುಬು. ನಾನು ಓದುವಾಗ ಈ ಇಂಗ್ಲಿಷರ ದೇಶದಲ್ಲಿ ಯಾರು ಬೇಕಾದರೂ ಆ ಬೋರ್ಡು ಹಾಕಿಕೊಳ್ಳಬಹುದಿತ್ತು. ಆಮೇಲೆ ಕಾನೂನು ಬಂತು. ರಿಜಿಸ್ಟರಿನಲ್ಲಿ ಹೆಸರಿಲ್ಲದವರು ಹಾಗೆ ಹೇಳಿಕೊಳ್ಳುವುದೇ ಅಪರಾಧವಾಯಿತು. ಹೆಸರಿದ್ದವರಿಗೂ ನೂರೆಂಟು ಕಟ್ಟುಪಾಡು. ವಿಚಾರಿಸದೆ, ಪರೀಕ್ಷಿಸದೆ, ಒಪ್ಪಿಗೆ ಪಡೆಯದೆ ಯಾರ ಬೆನ್ನಿಗೂ ಕೈ ಹಾಕುವಂತಿಲ್ಲ. ಇದನ್ನು ನಮ್ಮವರಿಗೆ ಹೇಳುವುದು ಗೋರ್ಕಲ್ಲ ಮೇಲೆ ಮಳೆಗರೆದಂತೆ.

ಅಪ್ಪ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ನನ್ನದನ್ನು ನೆಟಿಗೆ ಮುರಿಯುವ ವಿದ್ಯೆ ಎಂದು ಆಡಿಕೊಳ್ಳುತ್ತಿದ್ದರು. ನನ್ನ ಪರ ಇದ್ದವಳು ಅವರ ಅಕ್ಕ ಒಬ್ಬಳೇ. ಗಂಡ ತೀರಿಕೊಂಡ ಮೇಲೆ ಧಾರವಾಡದಿಂದ ಟೂಟಿಂಗ್‌ನ ನಮ್ಮ ಮನೆಗೆ ಬಂದು ನೆಲೆಸಿದ್ದ ಅತ್ತೆ. ಅವಳು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಕಾಲು ಸೋಕಿಸಿದರೆ ಬೆನ್ನಿನ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಧಾರವಾಡದ ಓಣಿಯವರೆಲ್ಲ ಬೆಳಿಗ್ಗೆದ್ದು ಅವಳ ಮುಂದೆ ಬಗ್ಗಿ ನಿಲ್ಲುತ್ತಿದ್ದರಂತೆ. ತನ್ನ ವಿದ್ಯೆಯೇ ತಮ್ಮನ ಮಗಳಿಗೆ ಬಂದಿದೆ ಎಂದು ಅವಳಿಗೆ ಹೆಮ್ಮೆ. ನಾನು ವರ್ಷಗಟ್ಟಲೆ ನಿದ್ದೆಗೆಟ್ಟು ಓದಿದ್ದು ಅವಳ ಪಾಲಿಗೆ ಲೆಕ್ಕಕ್ಕೇ ಇರಲಿಲ್ಲ.

ಆ ಚಳಿಗಾಲ ಅವಳಿಗೆ ಬೆನ್ನುನೋವು ಶುರುವಾಯಿತು. ಒಂದು ಭಾನುವಾರ ಚಹಾ ಆದ ಮೇಲೆ ಸೆರಗು ಸಿಕ್ಕಿಸಿಕೊಂಡು ಕಾರ್ಪೆಟ್ಟಿನ ಮೇಲೆ ಮಲಗಿಯೇಬಿಟ್ಟಳು. ಅಭ್ಯಾಸಬಲ, ನಾನು ಮೊದಲು ಪ್ರಶ್ನೆ ಕೇಳಿದೆ. ಮಲಗಿದರೆ ನೋವು ತಗ್ಗುತ್ತದೆಯೇ ಎಂದರೆ ಇಲ್ಲ, ರಾತ್ರಿಯೇ ಜಾಸ್ತಿ ಎಂದಳು. ಊಟ ಸೇರುವುದಿಲ್ಲ ಎಂದಳು. ರವಿಕೆ ತೋಳಿನಲ್ಲಿ ಜೋತಾಡುತ್ತಿದ್ದುದು ಆಗ ಕಣ್ಣಿಗೆ ಬಿತ್ತು. ನನಗೆ ಹೆದರಿಕೆಯಾಯಿತು. ನಾನು ಮುಟ್ಟುವುದಿಲ್ಲ, ನಾಳೆಯೇ ಜಿಪಿ ಡಾಕ್ಟರ ಹತ್ತಿರ ಹೋಗೋಣ ಎಂದೆ.

ಅತ್ತೆ ಎದ್ದು ಕೂತಳು. "ನಾ ಯಾರಿಗೂ ಒಲ್ಲೆ ಅಂದಾಕಿ ಅಲ್ಲ. ಮಂದಿ ಬೆನ್ನೆಲ್ಲಾ ಹಿಡೀತಿ, ನನ್ನ ಬೆನ್ನ ನಿನಗ ಬ್ಯಾಡಾತೇನು?"

ವಯಸ್ಸಾದ ಮೇಲೆ ಬೆನ್ನು ನೋಯದೆ ಇನ್ನೇನು ಎಂದರು ಅಪ್ಪ. ಜಗಳವಾಡಿ ಇಬ್ಬರನ್ನೂ ಒಪ್ಪಿಸಿದೆ. ಎಕ್ಸ್‌ರೇ, ಸ್ಕ್ಯಾನು ಎಂದು ಕಾಯುವ ದಿನಗಳಲ್ಲಿ ನಾನು ನಾನಾಗಿರಲಿಲ್ಲ. ಟ್ಯೂಬ್ ರೈಲಿನಲ್ಲಿ ಸೀಟು ಸಿಕ್ಕರೂ ಕೂರಲಾಗುತ್ತಿರಲಿಲ್ಲ. ಕ್ಲಿನಿಕ್ಕಿನಲ್ಲಿ ಯಾರು ಮಲಗಿದರೂ ಅತ್ತೆಯೇ ಮಲಗಿದಂತೆ ಅನಿಸಿ ಕೈ ಹಿಂಜರಿಯುತ್ತಿತ್ತು. ನನ್ನ ಅನುಮಾನ ಸುಳ್ಳಾಗಲಿ, ಎಲ್ಲರೂ ನನ್ನನ್ನು ಗೇಲಿ ಮಾಡಲಿ ಎಂದು ದೇವರನ್ನು ಬೇಡಿಕೊಂಡೆ.

ಸುಳ್ಳಾಗಲಿಲ್ಲ. ಕ್ಯಾನ್ಸರ್ ಬೆನ್ನೆಲುಬಿಗೆ ಹಬ್ಬಿತ್ತು. ಆ ಭಾನುವಾರ ನಾನು ಒಮ್ಮೆ ಜೋರಾಗಿ ಒತ್ತಿದ್ದರೆ ಮೂಳೆ ಮುರಿಯಬಹುದಿತ್ತು. ಆಸ್ಪತ್ರೆಯ ಡಾಕ್ಟರು ಇಂಗ್ಲಿಷಿನಲ್ಲಿ ಅಷ್ಟುದ್ದ ಹೇಳಿದ್ದನ್ನು ಅಪ್ಪ ಅಕ್ಕನಿಗೆ ಎಲುಬು ಸವೆದಿದೆಯಂತೆ ಎಂದು ಮುಗಿಸಿದರು. ದೊಡ್ಡ ರೋಗದ ಹೆಸರನ್ನು ರೋಗಿಯ ಕಿವಿಗೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ತನ್ನ ಮೈಯಲ್ಲಿ ಏನಾಗಿದೆಯೆಂದು ತಿಳಿಯುವ ಹಕ್ಕು ರೋಗಿಗಿದೆ, ನಮ್ಮ ರಿಜಿಸ್ಟರಿನವರು ಕಲಿಸುವ ಮೊದಲ ಪಾಠವೇ ಅದು ಎಂದು ಕಾರಿಡಾರಿನಲ್ಲಿ ನಾನು ಕೂಗಾಡಿದೆ.

"ಆಕಿ ನಿನ್ನ ಪೇಶಂಟ್ ಅಲ್ಲ," ಎಂದರು ಅಪ್ಪ. "ನಮ್ಮಕ್ಕ." ಒಳಗೆ ಹೋಗಿ ಅತ್ತೆಗೆ ಎಲುಬು ಸವೆತವೆಂದೇ ನಾನೂ ಹೇಳಿದೆ.

ಹಾಗಾಗಿ ನಾನೇಕೆ ಒಲ್ಲೆ ಎಂದೆ ಎಂಬುದು ಅತ್ತೆಗೆ ತಿಳಿಯಲೇ ಇಲ್ಲ. ನೋಡಲು ಬಂದವರಿಗೆಲ್ಲ, ನಮ್ಮ ಹುಡುಗಿಯೇ ನನ್ನ ಬೆನ್ನು ಮುಟ್ಟಲಿಲ್ಲ ಎಂದು ದೂರುತ್ತಿದ್ದಳು. ಅಡುಗೆಮನೆಯಲ್ಲಿ ಕಪ್ಪು ತೊಳೆಯುತ್ತ ನಾನು ಕೇಳಿಸಿಕೊಳ್ಳುತ್ತಿದ್ದೆ. ಒಂದೇ ಮಾತಿನಲ್ಲಿ ನನ್ನ ಮರ್ಯಾದೆ ಉಳಿಯುತ್ತಿತ್ತು.

ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದಾಗ ಅವಳು ಗೋಡೆಯ ಕಡೆ ಹೊರಳಿ, "ಈಗರೆ ಒಂಚೂರು ಕೈ ಇಡವಾ," ಎಂದಳು. ಪಕ್ಕದಲ್ಲಿ ಕೂತು ಅಂಗೈಯನ್ನು ಬೆನ್ನ ಮೇಲಿಟ್ಟೆ. ಇಟ್ಟೆನಷ್ಟೆ, ಅದುಮಲಿಲ್ಲ. ಒಂದೊಂದು ಎಲುಬೂ ಕೈಗೆ ಹತ್ತುತ್ತಿತ್ತು.

"ಹಾಂ, ಬಿಡ್ತು ನೋಡು," ಎಂದಳು ಅತ್ತೆ. "ಅವತ್ತ ಮಾಡಿದ್ರ ಇಷ್ಟ ದಿನ ನರಳೋದು ತಪ್ಪತಿತ್ತು."

"ಹೌದು ಅತ್ಯಾ," ಎಂದೆ.